ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ ಶೆಡ್ಡಿನ ಹಳೆಯ ತಗಡಿನ ಬಾಗಿಲಿಗೆ ಮತ್ತೆ ಬಣ್ಣ

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ತಂದೆಯವರು ಸುಮಾರು 30 ವರ್ಷಗಳ ಹಿಂದೆ ಕಟ್ಟಿಸಿದ ಮನೆಯ ಪಕ್ಕದಲ್ಲಿ ಕಾರು ನಿಲ್ಲಿಸುವ ಶೆಡ್ಡಿದೆ. ಅದಕ್ಕೆ ಆಂಗಲ್ ಚೌಕಟ್ಟಿನ ಮೇಲೆ ಕಬ್ಬಿಣದ ತಗಡು ಬೆಸೆದು ಮಾಡಿದ ಎರಡು ಪಾಲಿನ ಬಾಗಿಲಿದೆ. ಅಗಲ 10 ಅಡಿ, ಎತ್ತರ 8 ಅಡಿ, ಪಶ್ಚಿಮಕ್ಕೆ ಮುಖ. ಮೂರು ವರ್ಷಕ್ಕೊಮ್ಮೆ ತಪ್ಪದೆ ಬಣ್ಣ ಹಚ್ಚಿಸುತ್ತೇವೆ, ಆದರೆ ಎರಡನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಹಕ್ಕಳೆ ಎದ್ದು ಉದುರತೊಡಗುತ್ತದೆ. ಕಳೆದ ಸಲ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಎನಾಮಲ್ ತಂದರೂ ಅದೇ ಗತಿಯಾಯಿತು. ಬಾಗಿಲನ್ನೇ ಬದಲಿಸಿ ಎಂದು ಪೇಂಟರ್ ಹೇಳುತ್ತಿದ್ದಾರೆ. ತಂದೆಯವರು ಮುಂದೆ ನಿಂತು ಮಾಡಿಸಿದ ಬಾಗಿಲಾದ್ದರಿಂದ ತೆಗೆಯಲು ಮನಸ್ಸಿಲ್ಲ. ಉದುರಿದ ಚೂರುಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ: ತಾವು ಚೂರುಗಳನ್ನು ಕಳುಹಿಸಿದ್ದು ಬಹಳ ಉಪಕಾರವಾಯಿತು. ಬಣ್ಣ ಏಕೆ ಬಿಟ್ಟಿತು ಎಂಬ ಪ್ರಶ್ನೆಗೆ ಉತ್ತರ ಉದುರಿದ ಹಕ್ಕಳೆಯ ಬೆನ್ನಿನಲ್ಲಿಯೇ ಇರುತ್ತದೆ, ಆದರೆ ಅದನ್ನು ತಿರುಗಿಸಿ ನೋಡುವವರು ಕಡಿಮೆ. ಬಾಗಿಲಿನ ನಡುಭಾಗದ್ದೆಂದು ತಾವು ಗುರುತು ಹಾಕಿದ ಚೂರಿನ ಮುಖ ಕಂದು ಬಣ್ಣದ್ದು. ಬೆನ್ನಿಗೆ ಅದಕ್ಕೂ ಹಿಂದಿನ ಬೂದು ಬಣ್ಣದ ತೆಳುವಾದ ಪುಡಿ ಅಂಟಿಕೊಂಡಿದ್ದು, ಬೆರಳಿನಿಂದ ಒರೆಸಿದರೆ ಸುಣ್ಣ ಮುಟ್ಟಿದಂತೆ ಬೆರಳು ಬೆಳ್ಳಗಾಗುತ್ತದೆ. ಅಂದರೆ ಕಳೆದ ಸಲದ ದುಬಾರಿ ಬಣ್ಣ ತಗಡನ್ನು ಬಿಟ್ಟಿಲ್ಲ, ತನ್ನ ಕೆಳಗಿದ್ದ ಹಳೆಯ ಬಣ್ಣವನ್ನು ಬಿಟ್ಟಿದೆ. ಪಶ್ಚಿಮದ ಬಿಸಿಲು ವರ್ಷಗಟ್ಟಲೆ ಬಿದ್ದಾಗ ಬಣ್ಣದಲ್ಲಿರುವ ಅಂಟಿನ ಅಂಶ ಮೇಲ್ಮೈಯಲ್ಲಿ ಸತ್ತು ಹೋಗಿ, ಬರೀ ಬಣ್ಣದ ಪುಡಿ ಉಳಿಯುತ್ತದೆ. ಅದನ್ನು ತೊಳೆಯದೆ, ಉಜ್ಜದೆ ಮೇಲೆ ಎಷ್ಟೇ ಒಳ್ಳೆಯ ಎನಾಮಲ್ ಹಚ್ಚಿದರೂ ಅದು ಹಿಡಿದುಕೊಳ್ಳುವುದು ಆ ಪುಡಿಯನ್ನೇ ಹೊರತು ಬಾಗಿಲನ್ನಲ್ಲ.

ಕೆಳಭಾಗದ ಚೂರು ಬೇರೆಯೇ ಕಥೆ ಹೇಳುತ್ತದೆ. ಅದರ ಬೆನ್ನಿಗೆ ತುಕ್ಕಿನ ಹೊಟ್ಟು ಹಿಡಿದುಕೊಂಡೇ ಬಂದಿದೆ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಂದು, ಬೂದು, ಹಸಿರು, ಮತ್ತೆ ಕಂದು, ಕೊನೆಗೆ ರೆಡ್ ಆಕ್ಸೈಡ್ ಎಂಬ ಕೆಂಪು ತಳಬಣ್ಣ, ಹೀಗೆ ಐದು ಪದರುಗಳು ಒಂದರ ಮೇಲೊಂದು ಕುಳಿತಿವೆ, ಎಲ್ಲದರ ಕೆಳಗೆ ತುಕ್ಕು. ಕಬ್ಬಿಣ ತುಕ್ಕಾಗಿ ಬದಲಾದಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆಯಾದ್ದರಿಂದ ಅದು ಐದೂ ಪದರುಗಳನ್ನು ಒಟ್ಟಿಗೆ ಮೇಲಕ್ಕೆ ಎತ್ತಿಬಿಡುತ್ತದೆ. ಹೀಗಾಗಿ ತಮ್ಮ ಬಾಗಿಲಿಗೆ ಇರುವುದು ಎರಡು ರೋಗ, ಮೇಲೆ ಒಂದು, ಕೆಳಗೆ ಇನ್ನೊಂದು. ಎರಡಕ್ಕೂ ಇಷ್ಟು ವರ್ಷ ಒಂದೇ ಔಷಧಿ ಹಾಕುತ್ತ ಬಂದಿದ್ದೀರಿ.

ಮೊದಲು ಬಾಗಿಲು ಉಳಿಯುತ್ತದೆಯೇ ಎಂದು ಪರೀಕ್ಷಿಸೋಣ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಗಡನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬನ್ನಿ. ಗಟ್ಟಿ ತಗಡು ಗಣಗಣ ಎನ್ನುತ್ತದೆ, ತುಕ್ಕು ತಿಂದ ಕಡೆ ಸದ್ದು ಮಂದವಾಗುತ್ತದೆ. ಅಂಥ ಕಡೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿ. ತುದಿ ಒಳಗೆ ಹೋದರೆ ಆ ಭಾಗಕ್ಕೆ ಬಣ್ಣವೂ ಬೇಡ, ಪುಟ್ಟಿಯೂ ಬೇಡ. ಕೆಳಗಿನ ಆರೋ ಎಂಟೋ ಅಂಗುಲ ತಗಡನ್ನು ನೇರವಾಗಿ ಕತ್ತರಿಸಿ ತೆಗೆಸಿ, ಅದೇ ದಪ್ಪದ ಹೊಸ ಪಟ್ಟಿಯನ್ನು ವೆಲ್ಡಿಂಗ್ ಮಾಡಿಸಬೇಕು. ತಮ್ಮ ಪತ್ರದಲ್ಲಿ ತೂತಿನ ಮಾತು ಇಲ್ಲವಾದ್ದರಿಂದ ಹೆಚ್ಚೆಂದರೆ ಅಷ್ಟೇ ಕೆಲಸ ಬಿದ್ದೀತು. ಬಾಗಿಲನ್ನೇ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ.

ಕೆಳಗೇ ಏಕೆ ತುಕ್ಕು ಎಂಬುದನ್ನೂ ತಿಳಿದುಕೊಳ್ಳಬೇಕು. ನಮ್ಮ ಕಡೆಯ ಅಂಗಳಗಳಿಗೆ ಶಹಾಬಾದ್ ಫರಸಿ ಹಾಸಿರುತ್ತದೆ, ದಿನಾ ಬೆಳಿಗ್ಗೆ ಅದನ್ನು ತೊಳೆಯುತ್ತೇವೆ. ಆ ನೀರು ಬಾಗಿಲಿನ ಬುಡಕ್ಕೆ ಸಿಡಿದು, ತಗಡಿಗೂ ಆಂಗಲ್ಲಿಗೂ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಏರಿ ಕುಳಿತುಬಿಟ್ಟರೆ ಬಿಸಿಲಿಗೂ ಬೇಗ ಆರುವುದಿಲ್ಲ. ಇದರ ಮೇಲೆ ಬಾಗಿಲಿನ ತಳದ ಅಂಚಿಗೆ ಯಾರೂ ಬಣ್ಣ ಹಚ್ಚಿರುವುದೇ ಇಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಕೈಗನ್ನಡಿಯೊಂದನ್ನು ಫರಸಿಯ ಮೇಲಿಟ್ಟು ತಳವನ್ನು ನೋಡಿ, ಬರೀ ತುಕ್ಕಿನ ಕೆಂಪು ಕಂಡರೆ ನನಗೆ ಆಶ್ಚರ್ಯವಿಲ್ಲ. ಈ ಸಲ ಬಾಗಿಲನ್ನು ಬಿಜಾಗರಿಯಿಂದ ಇಳಿಸಿ ಎರಡು ಕಟ್ಟಿಗೆಯ ಮೇಲೆ ಮಲಗಿಸಿ ಕೆಲಸ ಮಾಡಿಸಿದರೆ ಅತ್ಯುತ್ತಮ. ಇಳಿಸಲಾಗದಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲಾದರೂ ತಳಕ್ಕೆ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹಚ್ಚುವ ತಳಬಣ್ಣ, ಮುಟ್ಟಿಸಬೇಕು. ಸಂದಿಗೆ ಪ್ರೈಮರ್ ಒಣಗಿದ ಮೇಲೆ, ಮೇಲೆ ಬಣ್ಣ ಹಿಡಿಯುವಂಥ ಸೀಲಂಟ್ ಎಳೆಸಿ. ಸಿಲಿಕಾನ್ ಸೀಲಂಟ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ತಳದ ಸಂದನ್ನು ಮಾತ್ರ ಪೂರ್ತಿ ಮುಚ್ಚಬಾರದು, ಒಳಗೆ ಹೋದ ನೀರು ಇಳಿದು ಹೋಗಲು ಅಲ್ಲಲ್ಲಿ ದಾರಿ ಇರಬೇಕು.

ಉಜ್ಜುವ ಕೆಲಸಕ್ಕೆ ಮುಂಚೆ ಒಂದು ಎಚ್ಚರಿಕೆಯ ಮಾತು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ತಮ್ಮ ಬಾಗಿಲಿನ ಒಳಪದರುಗಳು ಅದಕ್ಕಿಂತ ಬಹಳ ಹಿಂದಿನವು, ಅವುಗಳಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಸೀಸದ ಧೂಳು ಚಿಕ್ಕ ಮಕ್ಕಳ ಮಿದುಳಿಗೆ, ಗರ್ಭಿಣಿಯರಿಗೆ ಕೆಡುಕು ಮಾಡುತ್ತದೆ. ಆದ್ದರಿಂದ ಗ್ರೈಂಡರಿಗೆ ತಂತಿ ಚಕ್ರ ಹಾಕಿ ಒಣ ಬಣ್ಣವನ್ನು ಮೋಡದಂತೆ ಎಬ್ಬಿಸುವುದನ್ನು ದಯವಿಟ್ಟು ಒಪ್ಪಬೇಡಿ. ಬಣ್ಣವಿರುವ ಭಾಗವನ್ನು ವಾಟರ್ ಪೇಪರಿನಿಂದ ನೀರು ಹಾಕುತ್ತಲೇ ಉಜ್ಜಿಸಿ. ಕೆಳಗೆ ತಾಡಪತ್ರಿ ಹಾಸಿ, ಬಿದ್ದ ಚೂರುಗಳನ್ನು ಒದ್ದೆಯಾಗಿಯೇ ಬಳಿದು ಚೀಲದಲ್ಲಿ ಕಟ್ಟಿ. ಕೆಲಸಗಾರರಿಗೆ ಒಳ್ಳೆಯ ಎನ್-95 ಮಾಸ್ಕ್ ಕೊಡಿ, ಬಾಯಿಗೆ ಕಟ್ಟಿಕೊಂಡ ಟವೆಲ್ ಈ ಧೂಳನ್ನು ತಡೆಯುವುದಿಲ್ಲ. ಅವರ ಮನೆಯಲ್ಲಿಯೂ ಮಕ್ಕಳಿರುತ್ತಾರೆ, ಧೂಳು ಅವರ ಅಂಗಿಯ ಮೇಲೆ ಕುಳಿತು ಮನೆಯವರೆಗೆ ಹೋಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಬಾಗಿಲನ್ನು ಸಾಬೂನು ನೀರಿನಿಂದ ತೊಳೆದು, ಬಿಜಾಗರಿ ಮತ್ತು ಚಿಲಕದ ಸುತ್ತ ಹಿಡಿದ ಎಣ್ಣೆ ಜಿಡ್ಡನ್ನು ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಜಿಡ್ಡು ಇದ್ದಾಗಲೇ ಉಜ್ಜಿದರೆ ಅದು ಬಾಗಿಲಿಗೆಲ್ಲ ಹರಡುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಒರೆಸುವ ರೂಢಿ ನಮ್ಮಲ್ಲಿದೆ, ಅದನ್ನು ಬಿಡಿಸಿ. ಅವು ಪೂರ್ತಿ ಆರದೆ ತೆಳ್ಳನೆಯ ಎಣ್ಣೆಯ ಪೊರೆಯನ್ನು ಬಿಟ್ಟು ಹೋಗುತ್ತವೆ. ಆಮೇಲೆ ನೀರಿನಲ್ಲಿ ಉಜ್ಜಿ, ಸಡಿಲವಾದದ್ದನ್ನೆಲ್ಲ ಸ್ಕ್ರೇಪರಿನಿಂದ ತೆಗೆದು, ಗಟ್ಟಿಯಾಗಿ ಕುಳಿತ ಹಳೆಯ ಬಣ್ಣವನ್ನು ಹಾಗೆಯೇ ಬಿಡಬಹುದು, ಆದರೆ ಅದರ ಹೊಳಪು ಪೂರ್ತಿ ಸಾಯಬೇಕು. ಅಂಗೈಯಿಂದ ಸವರಿದಾಗ ಕೈಗೆ ಪುಡಿ ಹತ್ತಬಾರದು. ಹಳೆಯ ಬಣ್ಣ ನಿಜವಾಗಿ ಗಟ್ಟಿ ಇದೆಯೇ ಎಂದು ಅನುಮಾನವಾದರೆ ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಸಣ್ಣ ಚೌಕಳಿ ಮಾಡಿ, ಅದರ ಮೇಲೆ ಗಮ್ ಟೇಪ್ ಒತ್ತಿ ಅಂಟಿಸಿ ಒಮ್ಮೆಲೇ ಕಿತ್ತು ನೋಡಿ. ಟೇಪಿನ ಜೊತೆ ಚೌಕಗಳು ಎದ್ದು ಬಂದರೆ ಆ ಭಾಗ ಉಳಿಯಲು ಯೋಗ್ಯವಲ್ಲ. ಬಾಗಿಲು ಚೆನ್ನಾಗಿ ಒಣಗಿದ ಮೇಲೆ ತುಕ್ಕಿನ ಭಾಗಕ್ಕೆ ತಂತಿ ಬ್ರಷ್ಷು ಮತ್ತು 80ನೇ ನಂಬರಿನ ಎಮರಿ ಹಿಡಿದು, ಲೋಹದ ಹೊಳಪು ಕಾಣುವವರೆಗೆ ಉಜ್ಜಬೇಕು.

ಹೀಗೆ ಹೊಳಪು ತಂದ ಕಬ್ಬಿಣವನ್ನು ರಾತ್ರಿ ಹಾಗೆಯೇ ಬಿಡಬಾರದು. ಬೆಳಗಿನ ಇಬ್ಬನಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಮತ್ತೆ ತುಕ್ಕು ಹಿಡಿಯುತ್ತದೆ. ಉಜ್ಜಿದ ದಿನವೇ, ಸಾಧ್ಯವಾದರೆ ಎರಡು ಮೂರು ತಾಸಿನೊಳಗೆ ಪ್ರೈಮರ್ ಬೀಳಬೇಕು. ಒಂದು ದಿನಕ್ಕೆ ಒಂದೇ ಪಾಲು ಎಂದು ಇಟ್ಟುಕೊಂಡರೆ ಇದು ಕಷ್ಟವೇನಲ್ಲ. ಪ್ರೈಮರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸಾಮಾನ್ಯ ರೆಡ್ ಆಕ್ಸೈಡ್ ಗಟ್ಟಿ ಪದರು ಕೊಡುತ್ತದೆ, ಆದರೆ ಅದರಲ್ಲಿನ ಕೆಂಪು ಪುಡಿಗೆ ತುಕ್ಕನ್ನು ತಡೆಯುವ ವಿಶೇಷ ಶಕ್ತಿಯಿಲ್ಲ. ಜಿಂಕ್ ಫಾಸ್ಫೇಟ್ ಇರುವ ಪ್ರೈಮರ್ ಸಿಕ್ಕರೆ ಅದನ್ನೇ ತನ್ನಿ. ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಕೂಡ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದರ ಕ್ರೋಮಿಯಂ ವಿಷಕಾರಿಯಾದ್ದರಿಂದ ಮನೆಯಂಗಳದ ಕೆಲಸಕ್ಕೆ ನಾನು ಹೇಳುವುದಿಲ್ಲ. ಚೂಪು ಅಂಚುಗಳಿಂದ ಹಸಿ ಬಣ್ಣ ತಾನಾಗಿ ಹಿಂದೆ ಸರಿದು ಅಲ್ಲಿ ಪದರು ತೆಳುವಾಗುವುದರಿಂದ ಅಂಚು, ವೆಲ್ಡಿಂಗ್ ಗಂಟು, ಬಿಜಾಗರಿಯ ಸುತ್ತ ಮೊದಲು ಬ್ರಷ್ಷಿನಿಂದ ಒಂದು ಕೈ, ಅಂದರೆ ಒಂದು ಪದರು, ಹಚ್ಚಿ, ಅದು ಒಣಗಿದ ಮೇಲೆ ಇಡೀ ಬಾಗಿಲಿಗೆ ಹಚ್ಚಿಸಿ.

ಲೆಕ್ಕ ಬಹಳ ಸರಳ. ಒಂದು ಮಗ್ಗುಲಿಗೆ 80 ಚದರ ಅಡಿ, ಎರಡೂ ಮಗ್ಗುಲು ಮತ್ತು ಆಂಗಲ್ ಸೇರಿ ಸುಮಾರು 190 ಅಡಿ. ಲೀಟರಿಗೆ ಒಂದು ಕೈಗೆ 100 ಅಡಿ ಬರುತ್ತದೆಂದು ಹಿಡಿದರೆ ಪ್ರೈಮರ್ 2 ಲೀಟರ್, ಎರಡು ಕೈ ಎನಾಮಲ್ಲಿಗೆ 4 ಲೀಟರ್ ಸಾಕು. ಇದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಸಿದೆವೆಂದು ಯಾರಾದರೂ ಹೇಳಿದರೆ, ಟರ್ಪಂಟೈನ್ ಮಿತಿಮೀರಿ ಬೆರೆತಿದೆ ಎಂದೇ ಅರ್ಥ. ಬ್ರಷ್ಷಿನ ಕೆಲಸಕ್ಕೆ ಲೀಟರಿಗೆ 100 ಮಿಲಿಲೀಟರ್ ಮೀರಬಾರದು.

ಇನ್ನು ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಪಶ್ಚಿಮದ ತಗಡಂತೂ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ. ಕಾದ ತಗಡಿನ ಮೇಲೆ ಬಣ್ಣ ಬಿದ್ದ ಕೂಡಲೇ ಮೇಲೆ ಕೆನೆಗಟ್ಟುತ್ತದೆ, ಕೆಳಗಿನ ಟರ್ಪಂಟೈನ್ ಹೊರಬರಲು ದಾರಿಯಿಲ್ಲದೆ ಗುಳ್ಳೆಯಾಗುತ್ತದೆ. ನಮ್ಮ ಮನೆಯ ಗೇಟಿಗೆ ಒಮ್ಮೆ ಮದುವೆಯ ಅವಸರದಲ್ಲಿ ಮೇ ತಿಂಗಳ ನಡುಹಗಲು ಬಣ್ಣ ಹಚ್ಚಿಸಿದೆ. ಸಂಜೆಗೆ ಅದರ ಮೇಲೆ ಅಮ್ಮ ಎದ್ದಂತೆ ಗುಳ್ಳೆಗಳು ನಿಂತಿದ್ದವು, ಮಳೆಗಾಲ ಮುಗಿಯುವಷ್ಟರಲ್ಲಿ ಪ್ರತಿ ಗುಳ್ಳೆಯ ಕೆಳಗೂ ಒಂದೊಂದು ತುಕ್ಕಿನ ಚುಕ್ಕೆ. ತಮ್ಮ ಬಾಗಿಲಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಇಬ್ಬನಿ ಆರಿದ ಮೇಲೆ ಒಂಬತ್ತಕ್ಕೆ ಆರಂಭಿಸಿ, ಬಿಸಿಲು ಬಾಗಿಲಿಗೆ ತಿರುಗುವ ಮೊದಲು ಹನ್ನೆರಡಕ್ಕೆ ನಿಲ್ಲಿಸಿ, ಮಧ್ಯಾಹ್ನಕ್ಕೆ ಬಾಗಿಲಿಗೆ ತಾಗದಂತೆ ತಾಡಪತ್ರಿಯ ಮರೆ ಕಟ್ಟಿಸಿ. ಒಂದು ಕೈ ಮತ್ತು ಇನ್ನೊಂದರ ನಡುವೆ ಒಂದು ಪೂರ್ಣ ದಿನ ಬಿಡಿ, 320ನೇ ನಂಬರಿನ ವಾಟರ್ ಪೇಪರಿನಿಂದ ಹಗುರವಾಗಿ ಸವರಿಸಿ. ತಿಳಿ ಬಣ್ಣವಾದರೆ ತಗಡು ಅಷ್ಟು ಕಾಯುವುದಿಲ್ಲ. ಕಂದು ಬಿಟ್ಟು ತಿಳಿ ಬೂದು ಅಥವಾ ಕೆನೆ ಬಣ್ಣ ಆರಿಸಿಕೊಂಡರೆ ಒಳಗೆ ನಿಂತ ಕಾರಿಗೂ ಹಿತ.

ಪ್ರಶ್ನೆ: ಬೀದರಿನ ನಮ್ಮ ಮನೆಯ ಶೆಡ್ಡಿಗೆ ಆರು ವರ್ಷದ ಹಿಂದೆ ಜಿಐ ತಗಡಿನ ಬಾಗಿಲು ಹಾಕಿಸಿದೆವು. ತುಕ್ಕು ಎಲ್ಲಿಯೂ ಇಲ್ಲ. ಆದರೂ ಎನಾಮಲ್ ಬಣ್ಣ ಬಾಳೆಲೆ ಸುಲಿದಂತೆ ಅಗಲಗಲವಾಗಿ ಎದ್ದು ಬರುತ್ತಿದೆ, ಕೆಳಗೆ ತಗಡು ಬೆಳ್ಳಗೆ ಹೊಳೆಯುತ್ತಿದೆ. ಇದೇಕೆ?

ಉತ್ತರ: ಇಲ್ಲಿಯೂ ಹಕ್ಕಳೆಯ ಬೆನ್ನು ನೋಡಬೇಕು. ಅದು ಸ್ವಚ್ಛವಾಗಿದ್ದು ಸ್ವಲ್ಪ ಜಿಗುಟಾಗಿಯೋ ನುಣುಪಾಗಿಯೋ ಇದ್ದರೆ ಕಾರಣ ಸತುವು. ಜಿಐ ತಗಡೆಂದರೆ ಕಬ್ಬಿಣದ ಮೇಲೆ ಸತುವಿನ ಲೇಪನ. ಸಾಮಾನ್ಯ ಎನಾಮಲ್ಲಿನಲ್ಲಿರುವ ಎಣ್ಣೆಯ ಅಂಶ ತೇವದ ಜೊತೆ ಸತುವಿಗೆ ತಾಗಿದಾಗ, ಎಣ್ಣೆಗೆ ಕ್ಷಾರ ಸೇರಿ ಸಾಬೂನು ಆಗುವಂತೆ, ಎರಡರ ನಡುವೆ ಸತುವಿನ ಸಾಬೂನಿನ ತೆಳು ಪದರು ಹುಟ್ಟುತ್ತದೆ. ಸಾಬೂನಿನ ಮೇಲೆ ಬಣ್ಣ ನಿಲ್ಲುವುದೆಂತು? ಬೀದರಿನವರಿಗೆ ಸತುವನ್ನು ಪರಿಚಯಿಸುವ ಅಗತ್ಯವಿಲ್ಲ. ತಮ್ಮೂರಿನ ಬಿದರಿ ಪಾತ್ರೆಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಸತುವಿನದೇ ದೊಡ್ಡ ಪಾಲು. ಕೋಟೆಯ ಮಣ್ಣು ಮತ್ತು ನವಸಾಗರ ಕಲೆಸಿ ಹಚ್ಚಿದಾಗ ಆ ಮೈ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ತಾನು ಮುಟ್ಟಿದ್ದರ ಜೊತೆ ಹೀಗೆ ಸುಮ್ಮನಿರದೆ ಕ್ರಿಯೆಗಿಳಿಯುವ ಲೋಹ ಅದು. ಕುಶಲಕರ್ಮಿಗಳಿಗೆ ವರವಾದ ಆ ಗುಣವೇ ಎನಾಮಲ್ಲಿಗೆ ಮುಳುವಾಗಿದೆ.

ಹಳೆಯ ಬಾಗಿಲು ಜಿಐ ಹೌದೋ ಅಲ್ಲವೋ ಎಂದು ತಿಳಿಯದವರಿಗೆ ಒಂದು ಪರೀಕ್ಷೆ ಇದೆ. ತೋಟದ ಔಷಧಿಗೆ ತರುವ ಮೈಲುತುತ್ತದ (ಕಾಪರ್ ಸಲ್ಫೇಟ್, ಅಂದರೆ ತಾಮ್ರದ ಲವಣ) ಒಂದು ಚಿಟಿಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ, ಬಣ್ಣ ಕೆರೆದು ಸ್ವಚ್ಛ ಮಾಡಿದ ಜಾಗದಲ್ಲಿ ಒಂದು ಹನಿ ಇಡಿ. ಬರೀ ಕಬ್ಬಿಣವಾದರೆ ಹನಿಯ ಕೆಳಗೆ ತಾಮ್ರದ ಕೆಂಪು ಮೂಡುತ್ತದೆ, ಸತುವಾದರೆ ಕಪ್ಪಾಗುತ್ತದೆ. ನೋಡಿದ ಕೂಡಲೇ ನೀರಿನಿಂದ ತೊಳೆದು ಆ ಚುಕ್ಕೆಯನ್ನು ಉಜ್ಜಿ ತೆಗೆಯಿರಿ, ಏಕೆಂದರೆ ಉಳಿದ ತಾಮ್ರ ತುಕ್ಕನ್ನು ಬೇಗ ತರುತ್ತದೆ.

ತಾವು ಎದ್ದ ಎನಾಮಲ್ಲನ್ನು ಪೂರ್ತಿ ತೆಗೆಸಬೇಕು, ಗಟ್ಟಿಯಾಗಿ ಕಾಣುವ ಭಾಗವೂ ಇಂದಲ್ಲ ನಾಳೆ ಏಳುವಂಥದ್ದೇ. ಸಾಬೂನು ನೀರಿನಿಂದ ತೊಳೆದು, ಸತು ಹರಿದು ಹೋಗದಂತೆ ನುಣುಪು ಕಾಗದದಿಂದ ಹಗುರವಾಗಿ ಉಜ್ಜಿ, ಅಂಗಡಿಯಲ್ಲಿ ಎಚ್ (Etch) ಪ್ರೈಮರ್ ಅಥವಾ ಜಿಐ ಪ್ರೈಮರ್ ಎಂದೇ ಕೇಳಿ ತಂದು, ಡಬ್ಬಿಯ ಮೇಲೆ ಜಿಐ ತಗಡಿಗೆಂದು ಬರೆದಿರುವುದನ್ನು ಓದಿ ನೋಡಿ ತೆಳ್ಳಗೆ ಒಂದು ಕೈ ಹಚ್ಚಿಸಿ. ಅದರ ಮೇಲೆ ಯಾವ ಬಣ್ಣ ಒಪ್ಪುತ್ತದೆಂಬುದೂ ಅದೇ ಡಬ್ಬಿಯ ಮೇಲಿರುತ್ತದೆ.

ಪ್ರಶ್ನೆ: ಯಾದಗಿರಿಯಲ್ಲಿ ನಮ್ಮದು ರೋಲಿಂಗ್ ಶಟರ್. ಕಳೆದ ವರ್ಷ ಬಣ್ಣ ಹಚ್ಚಿಸಿ ಮರುದಿನ ಎತ್ತಿದಾಗ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು, ಬಣ್ಣ ಉದ್ದುದ್ದ ಕಿತ್ತು ಬಂತು. ಈಗ ಎತ್ತಲು ಇಬ್ಬರು ಬೇಕು. ಸ್ಪ್ರಿಂಗ್ ಬಿಗಿ ಮಾಡಿಸಬೇಕೇ?

ಉತ್ತರ: ಸ್ಪ್ರಿಂಗಿನ ತಪ್ಪು ಅಲ್ಲವೆಂದು ಕಾಣುತ್ತದೆ. ಎನಾಮಲ್ ಆರು ತಾಸಿನಲ್ಲಿ ಕೈಗೆ ಅಂಟದಂತೆ ಒಣಗಿದರೂ ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಶಟರ್ ಸುತ್ತಿಕೊಂಡಾಗ ಪಟ್ಟಿಯ ಮೇಲೆ ಪಟ್ಟಿ ಒತ್ತಿ ಕುಳಿತುಕೊಳ್ಳುತ್ತದೆ, ಮೇಲಿನ ಗೂಡಿನ ಕಾವೂ ಸೇರಿದರೆ ಎಳೆಯ ಬಣ್ಣ ಅಂಟಾಗುತ್ತದೆ. ಕೊನೆಯ ಕೈ ಹಚ್ಚಿದ ಮೇಲೆ ಕನಿಷ್ಠ ಮೂರು ದಿನ ಶಟರನ್ನು ಇಳಿಸಿಯೇ ಇಡಬೇಕು, ವಾಹನವನ್ನು ಮೊದಲೇ ಹೊರಗೆ ತೆಗೆದಿರಬೇಕು. ಪ್ರೈಮರ್ ಹಚ್ಚಿದ ಮೇಲೂ ಒಂದು ಪೂರ್ಣ ದಿನ ಬಿಟ್ಟು ನಿಧಾನವಾಗಿ ಒಮ್ಮೆ ಅರ್ಧ ಎತ್ತಿ ಇಳಿಸಿದರೆ ಕೀಲುಗಳಲ್ಲಿ ಕಟ್ಟಿದ ಬಣ್ಣ ಬಿಡುತ್ತದೆ.

ಭಾರಕ್ಕೆ ಕಾರಣ ಬಹುಶಃ ಪಕ್ಕದ ಗೈಡ್ ಚಾನಲ್ಲುಗಳು. ಅವುಗಳ ಒಳಗೆ ಬಣ್ಣ ಹಚ್ಚಲೇಬಾರದು. ಟಾರ್ಚ್ ಹಾಕಿ ನೋಡಿದರೆ ಬಣ್ಣ, ಹಳೆಯ ಗ್ರೀಸು, ಧೂಳು ಮೂರೂ ಸೇರಿ ಮೇಣದಂತೆ ಕಟ್ಟಿರುವುದು ಕಂಡೀತು. ಸ್ಕ್ರೇಪರಿನಿಂದ ಕೆರೆದು, ಟರ್ಪಂಟೈನಿನಿಂದ ಒರೆಸಿ, ಗ್ರೀಸಿನ ಬದಲು ಮೇಣದ ಬತ್ತಿಯನ್ನು ಉಜ್ಜಿ. ಒಣ ಮೇಣಕ್ಕೆ ನಮ್ಮ ಎರೆನೆಲದ ಧೂಳು ಅಷ್ಟಾಗಿ ಹಿಡಿಯುವುದಿಲ್ಲ. ಅಂಟಿದ ಪಟ್ಟಿಗಳ ಕೀಲುಗಳನ್ನು ಶಟರ್ ಇಳಿಸಿದ ಸ್ಥಿತಿಯಲ್ಲಿ ತೆಳು ಬ್ಲೇಡಿನಿಂದ ಬಿಡಿಸಿಕೊಳ್ಳಿ. ಮೇಲಿನ ಪೈಪಿನೊಳಗಿನ ಸ್ಪ್ರಿಂಗನ್ನು ಮಾತ್ರ ತಾವಾಗಲಿ ಪೇಂಟರ್ ಆಗಲಿ ಮುಟ್ಟಬೇಡಿ. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುವಷ್ಟು ರಭಸ ಅದಕ್ಕಿರುತ್ತದೆ. ಅದು ಶಟರ್ ಮಿಸ್ತ್ರಿಯ ಕೆಲಸ.

ಪ್ರಶ್ನೆ: ಸೇಡಂನಲ್ಲಿ ನಮ್ಮ ಬಾಗಿಲಿಗೆ ಕಾರಿಗೆ ಹೊಡೆಯುವಂತೆ ಡ್ಯೂಕೋ ಸ್ಪ್ರೇ ಮಾಡಿಸಿದರೆ ಹೆಚ್ಚು ಬಾಳುತ್ತದೆಯೇ? ಹಳೆಯ ಎನಾಮಲ್ ಗಟ್ಟಿಯಾಗಿಯೇ ಇದೆ.

ಉತ್ತರ: ಎನಾಮಲ್ಲಿನ ಮೇಲೆ ಡ್ಯೂಕೋ ಹೊಡೆಸಬೇಡಿ. ಅದರ ಥಿನ್ನರ್ ತೀಕ್ಷ್ಣವಾದದ್ದು, ಹಳೆಯ ಎನಾಮಲ್ ಉಬ್ಬಿ ಸುಕ್ಕುಗಟ್ಟುತ್ತದೆ. ತಗಡಿನವರೆಗೆ ಎಲ್ಲವನ್ನೂ ತೆಗೆಸುವ ಮನಸ್ಸಿದ್ದರೆ ಎಪಾಕ್ಸಿ ಪ್ರೈಮರಿನ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸುವುದು ಬಿಸಿಲಿಗೆ ಎನಾಮಲ್ಲಿಗಿಂತ ಚೆನ್ನಾಗಿ ತಾಳುತ್ತದೆ, ಖರ್ಚು ಹೆಚ್ಚು. ಗಟ್ಟಿ ಎನಾಮಲ್ ಇರುವಾಗ ಅದನ್ನೇ ಉಜ್ಜಿ ಅದರ ಮೇಲೆ ಎನಾಮಲ್ ಹಚ್ಚಿಸುವುದೇ ಸರಿ. ತಮ್ಮ ಕಡೆ ಸಿಮೆಂಟಿನ ಧೂಳು ಬೀಳುವ ಜಾಗವಾದರೆ ಇನ್ನೊಂದು ಮಾತು: ಆ ಧೂಳು ನೆನೆದಾಗ ಕ್ಷಾರವಾಗಿ ಎನಾಮಲ್ಲನ್ನು ತಿನ್ನುತ್ತದೆ. ಮಳೆಗಾಲಕ್ಕೆ ಮುಂಚೆ ಬಾಗಿಲನ್ನು ಮೇಲಿನಿಂದ ಕೆಳಕ್ಕೆ ಧಾರಾಳ ನೀರಿನಿಂದ ತೊಳೆದು ಒರೆಸಿ.

ಪ್ರಶ್ನೆ: ತುಕ್ಕಿನ ಮೇಲೆಯೇ ಹಚ್ಚಬಹುದಾದ ರಸ್ಟ್ ಕನ್ವರ್ಟರ್ ಸಿಗುತ್ತದಂತೆ. ನಂಬಬಹುದೇ? ಸುರಪುರದಿಂದ ಕೇಳುತ್ತಿದ್ದೇನೆ.

ಉತ್ತರ: ಮಿತಿಯೊಳಗೆ ನಂಬಬಹುದು. ಅದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲವೋ ಟ್ಯಾನಿಕ್ ಆಮ್ಲವೋ ಇರುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿದಾಗ ಮಸಿಯಂತೆ ಕಪ್ಪಾಗುವುದನ್ನು ಹಿರಿಯರು ಬಲ್ಲರು, ಟ್ಯಾನಿಕ್ ಆಮ್ಲ ತುಕ್ಕನ್ನು ಕಪ್ಪಗೆ ಗಟ್ಟಿ ಮಾಡುವುದು ಅದೇ ರೀತಿಯಲ್ಲಿ. ಆದರೆ ಅದು ತಾನು ಮುಟ್ಟಿದ ತುಕ್ಕನ್ನು ಮಾತ್ರ ಬದಲಿಸಬಲ್ಲದು. ಹೊಟ್ಟಾಗಿ ಎದ್ದ ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಮೇಲ್ಭಾಗವಷ್ಟೇ ಕಪ್ಪಾಗಿ, ಕೆಳಗಿನದು ಹಾಗೆಯೇ ಕೆಲಸ ಮುಂದುವರಿಸುತ್ತದೆ. ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ತೆಗೆದ ಮೇಲೆ ಕುಳಿಗಳ ತಳದಲ್ಲಿ, ಬಿಜಾಗರಿಯ ಹಿಂದೆ, ಆಂಗಲ್ಲಿನ ಮೂಲೆಯಲ್ಲಿ ಕೈ ತಲುಪದೆ ಉಳಿದ ಕೆಂಪಿಗೆ ಇದನ್ನು ಬಳಸಿ. ಜಿಐ ತಗಡಿಗೆ ಬಳಸಬೇಡಿ. ಮರುದಿನ ಆ ಜಾಗ ಪೂರ್ತಿ ಕಪ್ಪಾಗಿದ್ದರೆ ಪ್ರೈಮರ್ ಹಚ್ಚಿ, ನಡುನಡುವೆ ಕಂದು ಇಣುಕುತ್ತಿದ್ದರೆ ಅಲ್ಲಿಗೆ ಮತ್ತೊಮ್ಮೆ ತಂತಿ ಬ್ರಷ್ ಹಿಡಿಯಿರಿ.